ಆಡುಜೀವಿತದಲ್ಲಿ ಯಾರೂ ಅಳದ ಒಂದು ಮಾತು

ಬೆನ್ಯಾಮಿನ್ ಬರೆದ ‘ಆಡುಜೀವಿತಂ’ ಮಲಯಾಳದಲ್ಲಿ ಬಂದದ್ದು 2008ರಲ್ಲಿ. ಕನ್ನಡಕ್ಕೂ ಬಂದಿದೆ. ಆಡು ಎಂಬ ಶಬ್ದ ಎರಡೂ ಭಾಷೆಯಲ್ಲಿ ಒಂದೇ ಆದ್ದರಿಂದ ಹೆಸರಿನ ಅರ್ಥ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಮಾರ್ಚಿನಲ್ಲಿ ಬ್ಲೆಸ್ಸಿ ಅವರು ಅದನ್ನು ಸಿನಿಮಾ ಮಾಡಿದರು. ನಮ್ಮ ಊರಿನವರು ಹೆಚ್ಚಿನವರು ನೋಡಿದ್ದು ಸಿನಿಮಾ, ಓದಿದವರು ಕಮ್ಮಿ. ನಾನು ಎರಡನ್ನೂ ಮುಗಿಸಿದವ. ಮಲಯಾಳ ಅಕ್ಷರ ಕೂಡಿಸಿ ಕೂಡಿಸಿ ಓದುವವನಾದ ಕಾರಣ ಪುಸ್ತಕಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ನಿಧಾನಕ್ಕೆ ಓದಿದ್ದು ಒಳ್ಳೆಯದೇ ಆಯಿತು ಅಂತ ನನಗೆ ಕಾಣ್ತದೆ, ಯಾಕೆಂದರೆ ಈ ಪುಸ್ತಕದ ಮುಖ್ಯ ಮಾತು ಓಡಿಸಿ ಓದುವವರಿಗೆ ಸಿಕ್ಕುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನಜೀಬ್ ಹೊಳೆಯಲ್ಲಿ ಮುಳುಗಿ ಹೊಯಿಗೆ ತೆಗೆಯುವ ಕೆಲಸದವ. ಪರಿಚಯದವರ ಮೂಲಕ ಒಂದು ವೀಸಾ ಸಿಕ್ಕಿ, ಸಾಲ ಮಾಡಿ, ಬೊಂಬಾಯಿ ದಾರಿಯಾಗಿ ಸೌದಿಯ ರಿಯಾದಿಗೆ ಹೋಗ್ತಾನೆ. ಮನೆಯಲ್ಲಿ ಹೆಂಡತಿ ಬಸುರಿ. ವಿಮಾನ ನಿಲ್ದಾಣದಲ್ಲಿ ಒಬ್ಬ ಅರಬಿ ಬಂದು ಪಾಸ್‌ಪೋರ್ಟ್ ನೋಡಿ ಪಿಕಪ್ ಗಾಡಿಗೆ ಹತ್ತಿಸಿಕೊಂಡು ಹೋಗ್ತಾನೆ. ಇಳಿಸಿದ್ದು ಮರುಭೂಮಿಯ ಒಂದು ಆಡಿನ ದೊಡ್ಡಿಯಲ್ಲಿ. ಅಲ್ಲಿ ಮೂರು ವರ್ಷಕ್ಕೂ ಮೇಲೆ. ತಿನ್ನಲಿಕ್ಕೆ ಒಣ ಖುಬೂಸ್, ನೀರಿನಲ್ಲಿ ಅದ್ದಿಕೊಂಡು. ಕುಂಡೆ ತೊಳೆಯಲಿಕ್ಕೆ ನೀರು ಮುಟ್ಟಿದರೆ ಬೆಲ್ಟಿನ ಪೆಟ್ಟು. ಸಂಬಳ ಒಂದು ಕಾಸೂ ಇಲ್ಲ.

ಪುಸ್ತಕ ನಜೀಬನ ಬಾಯಿಯಿಂದಲೇ ಹೇಳಿದ್ದು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಹೇಳುವವನ ಹಾಗೆ ಮಾತು ಹೋಗ್ತದೆ. ಹಾಡು ಹೇಳುವ ನನಗೆ ಅದು ಕೂಡಲೇ ಕಿವಿಗೆ ಬಿತ್ತು. ಅವ ಆಡುಗಳಿಗೆ ತನ್ನ ಊರಿನವರ ಹೆಸರು ಇಡ್ತಾನೆ. ಹುಟ್ಟುವ ಮಗನಿಗೆ ಅಂತ ಇಟ್ಟುಕೊಂಡಿದ್ದ ನಬೀಲ್ ಎಂಬ ಹೆಸರನ್ನೂ ಒಂದು ಮರಿಗೆ ಕೊಡ್ತಾನೆ. ಆ ಮರಿಯ ಬೀಜ ಒಡೆಯುವ ದಿನದ ಪುಟಗಳನ್ನು ಹಟ್ಟಿಯಲ್ಲಿ ಹಸು ಆಡು ಸಾಕಿದ ಯಾರೂ ಒಂದೇ ಉಸಿರಿಗೆ ಓದಲಾರರು. ಸಿನಿಮಾದಲ್ಲಿ ಇದಕ್ಕೆಲ್ಲ ಜಾಗ ಸಿಕ್ಕಿಲ್ಲ. ಅದರ ಬದಲು ಊರಿನ ಹೊಳೆ, ಗಂಡಹೆಂಡತಿ ನೀರಿನಲ್ಲಿ ಆಡುವುದು ಉದ್ದಕ್ಕೆ ಉಂಟು. ನೋಡಲಿಕ್ಕೆ ಚಂದ. ಆದರೆ ನನಗೆ ಆಡುಗಳ ಹೆಸರೇ ಬೇಕಿತ್ತು.

ಪೃಥ್ವಿರಾಜ್ ಈ ಪಾತ್ರಕ್ಕಾಗಿ ಎಷ್ಟು ಸೊರಗಿದರು ಅಂತ ಪೇಪರಿನಲ್ಲಿ ತುಂಬ ಬಂತು. ಸೊರಗಿದ್ದು ಸತ್ಯ, ಎಲುಬು ಎಣಿಸಬಹುದು, ಅವರ ಕಷ್ಟಕ್ಕೆ ಕೈ ಮುಗಿಯಬೇಕು. ನಜೀಬನ ಮೂರು ವರ್ಷದ ಸಂಬಳ ಎಷ್ಟಾಗ್ತಿತ್ತು, ಅದನ್ನು ಕೊಡಬೇಕಾದವರು ಯಾರು ಎಂಬ ಲೆಕ್ಕ ಮಾತ್ರ ನಾನು ನೋಡಿದ ಒಂದು ಪೇಪರಿನಲ್ಲಿಯೂ ಬರಲಿಲ್ಲ.

ಈಗ ಆ ಮಾತಿಗೆ ಬರ್ತೇನೆ. ಪುಸ್ತಕ ಸುರುವಾಗುವುದು ಮರುಭೂಮಿಯಿಂದ ಅಲ್ಲ, ಜೈಲಿನಿಂದ. ತಪ್ಪಿಸಿಕೊಂಡು ಬಂದ ನಜೀಬ್ ಮತ್ತು ಹಮೀದ್ ಎಂಬವ, ಇಬ್ಬರೂ ಪೊಲೀಸಿನವರು ತಮ್ಮನ್ನು ಹಿಡಿಯಲಿ ಅಂತ ಠಾಣೆಯ ಎದುರು ಸುತ್ತಾಡ್ತಾರೆ. ಕಾಗದಪತ್ರ ಇಲ್ಲದವನಿಗೆ ಊರಿಗೆ ಬರುವ ದಾರಿ ಜೈಲಿನ ಒಳಗಿನಿಂದ. ಜೈಲಿನಲ್ಲಿ ವಾರಕ್ಕೊಮ್ಮೆ ಕೈದಿಗಳನ್ನು ಸಾಲಾಗಿ ನಿಲ್ಲಿಸ್ತಾರೆ. ಧಣಿಗಳು ಬಂದು ಓಡಿಹೋದ ತಮ್ಮ ಆಳು ಇದ್ದಾನೋ ಅಂತ ನೋಡಿಕೊಂಡು ಹೋಗ್ತಾರೆ, ಸಂತೆಯಲ್ಲಿ ಎತ್ತು ನೋಡಿದ ಹಾಗೆ. ಒಂದು ದಿನ ನಜೀಬನ ಅರ್ಬಾಬ್ ಬರ್ತಾನೆ. ನಜೀಬನ ಜೀವ ಬಾಯಿಗೆ ಬರ್ತದೆ. ಅವ ಬಂದು, ನೋಡಿ, ಮುಂದೆ ಹೋಗ್ತಾನೆ. ಅವ ಹೇಳಿದ ಮಾತು ಆಮೇಲೆ ಗೊತ್ತಾಗ್ತದೆ: ಇವ ನನ್ನ ವೀಸಾದವ ಅಲ್ಲ, ಆಗಿದ್ದರೆ ಎಳೆದುಕೊಂಡೇ ಹೋಗ್ತಿದ್ದೆ ಎಂಬ ಅರ್ಥದ್ದು.

ಸಿನಿಮಾ ನೋಡುವವರು ಬಾಯಾರಿಕೆಗೆ ಅಳ್ತಾರೆ, ಹಕೀಮ್ ಮರಳಿನಲ್ಲಿ ಸಾಯುವಾಗ ಅಳ್ತಾರೆ. ನಾನೂ ಅತ್ತೆ. ಈ ಮಾತಿಗೆ ಯಾರೂ ಅಳುವುದಿಲ್ಲ, ಬದಲಿಗೆ ಅಬ್ಬ ಬಚಾವಾದ ಅಂತ ಸಮಾಧಾನ ಆಗ್ತದೆ. ಸ್ವಲ್ಪ ನಿಂತು ನೋಡಿ. ಆ ಅರಬಿ ನಿಲ್ದಾಣದಿಂದ ಆಳನ್ನು ಕದ್ದವ. ಕದ್ದವನಾದ ಕಾರಣ ಅವನಿಗೆ ವಾಪಸು ಕೇಳುವ ಹಕ್ಕು ಇರಲಿಲ್ಲ, ನಜೀಬ್ ಬದುಕಿದ. ಅದೇ ಕಾಯಿದೆ ಪ್ರಕಾರದ ಧಣಿ ಆಗಿದ್ದರೆ? ಅಷ್ಟೇ ಹೊಡೆದವ, ಅಷ್ಟೇ ಹಸಿವಿನಲ್ಲಿ ಇಟ್ಟವ ಆಗಿದ್ದರೂ ಪೊಲೀಸಿನವರ ಎದುರೇ ಎಳೆದುಕೊಂಡು ಹೋಗಬಹುದಿತ್ತು. ಕಳ್ಳನಿಗಿಂತ ಕಾಗದ ಸರಿ ಇದ್ದ ಧಣಿ ಹೆಚ್ಚು ಭಯದವ ಅಂತ ಬೆನ್ಯಾಮಿನ್ ಒಂದೇ ಮಾತಿನಲ್ಲಿ ತೋರಿಸಿದ್ದಾರೆ. ಸಿನಿಮಾದಲ್ಲಿಯೂ ಈ ಮಾತು ಉಂಟು, ಆದರೆ ಎರಡೂಮುಕ್ಕಾಲು ಗಂಟೆ ಮರಳು ನೋಡಿ ದಣಿದ ಮೇಲೆ, ಅವಸರದಲ್ಲಿ. ಜೈಲನ್ನು ಮೊದಲು ಇಟ್ಟ ಪುಸ್ತಕದ ಕ್ರಮವೇ ಸರಿ ಎಂಬುದು ನನ್ನ ಅಭಿಪ್ರಾಯ.

ಆ ಪದ್ಧತಿಗೆ ಕಫಾಲ ಅಂತ ಹೆಸರು. ಗಲ್ಫಿಗೆ ಹೋದವರ ಮನೆಯಲ್ಲಿ ಕಫೀಲ್ ಎಂಬ ಶಬ್ದ ಮಕ್ಕಳಿಗೂ ಗೊತ್ತು. ಕೆಲಸದವನ ಇಕಾಮ, ಅಂದರೆ ಅಲ್ಲಿ ಇರುವ ಚೀಟಿ, ಕಫೀಲನ ಹೆಸರಿಗೆ ಕಟ್ಟಿದ್ದು. ಅವ ಒಪ್ಪದೆ ಬೇರೆ ಕೆಲಸ ಹಿಡಿಯುವ ಹಾಗಿರಲಿಲ್ಲ, ಊರಿಗೆ ಬರುವ ಹಾಗೂ ಇರಲಿಲ್ಲ. ಬಿಟ್ಟು ಹೋದರೆ ‘ಹುರೂಬ್’ ಅಂತ ದೂರು ಕೊಡ್ತಾನೆ, ಅಂದರೆ ಓಡಿಹೋದವ. ಆ ಕ್ಷಣದಿಂದ ಸಂಬಳ ಸಿಕ್ಕದವನೇ ಅಪರಾಧಿ. 2021ರ ಮಾರ್ಚಿನಲ್ಲಿ ಸೌದಿ ಸರಕಾರ ಇದನ್ನು ಸಡಿಲ ಮಾಡಿತು. ಒಂದು ವರ್ಷ ದುಡಿದ ಮೇಲೆ ಧಣಿಯನ್ನು ಕೇಳದೆ ಕೆಲಸ ಬದಲಿಸಬಹುದು, ಊರಿಗೆ ಹೋಗಿ ಬರಬಹುದು ಅಂತ. ಒಳ್ಳೆಯದೇ. ಆದರೆ ಆ ಸುಧಾರಣೆಯಿಂದ ಹೊರಗೆ ಇಟ್ಟದ್ದು ಯಾರನ್ನು ಗೊತ್ತುಂಟಾ? ಮನೆಗೆಲಸದವರು, ಮನೆಯ ಡ್ರೈವರ್, ತೋಟದ ಕೆಲಸದವ, ಮತ್ತೆ ಆಡು ಕುರಿ ಮೇಯಿಸುವವ. ನಜೀಬನ ಪುಸ್ತಕ ಬಂದು ಹದಿಮೂರು ವರ್ಷ ಕಳೆದಿತ್ತು, ಮಾರ್ರೆ.

ನಮ್ಮ ಅಡಿಕೆ ತೋಟಕ್ಕೆ ಈಗ ಅಸ್ಸಾಮು, ಬಂಗಾಳದ ಹುಡುಗರು ಬರ್ತಾರೆ. ಮದ್ದು ಬಿಡುವ ಅವಸರದ ದಿನವೇ ಪಕ್ಕದ ತೋಟದಲ್ಲಿ ನೂರು ರೂಪಾಯಿ ಜಾಸ್ತಿ ಕೊಡ್ತಾರೆ ಅಂತ ಹೊರಟು ಹೋಗ್ತಾರೆ. ನಾವು ಬೈತೇವೆ, ನಾನೂ ಬೈದಿದ್ದೇನೆ, ಇನ್ನೂ ಬೈಯುವವನೇ. ಆದರೆ ಪುಸ್ತಕ ಓದುವಾಗ ಅದೇ ನೆನಪಾಯಿತು. ಸಿಟ್ಟು ಬಂದಾಗ ಬಟ್ಟೆ ಗಂಟು ಕಟ್ಟಿ ಎದ್ದು ಹೋಗುವುದು ಉಂಟಲ್ಲ, ನಜೀಬನಿಗೆ ಇಲ್ಲದೆ ಹೋದದ್ದು ಅದು ಒಂದೇ. ಅದು ಇದ್ದಿದ್ದರೆ ಎರಡನೇ ದಿನಕ್ಕೆ ಕಥೆ ಮುಗಿಯುತ್ತಿತ್ತು.

ಒಂದು ಆಕ್ಷೇಪ ಇದೆ, ಅದು ಪುಸ್ತಕಕ್ಕೂ ಸಿನಿಮಾಕ್ಕೂ. ಎರಡರಲ್ಲಿಯೂ ನಜೀಬ್ ಎಲ್ಲವನ್ನೂ ಪಡೆದವನಿಗೆ ಒಪ್ಪಿಸ್ತಾನೆ. ದಾರಿ ತೋರಿಸಿದ ಇಬ್ರಾಹಿಂ ಖಾದಿರಿ ದೇವರು ಕಳಿಸಿದವನ ಹಾಗೆ ಬಂದು ಹಾಗೆಯೇ ಮಾಯ ಆಗ್ತಾನೆ. ಸಿನಿಮಾದಲ್ಲಿ ಎ. ಆರ್. ರಹಮಾನರ ‘ಪೆರಿಯೋನೇ’ ಹಾಡು ಬರುವಾಗ ಹೊಟ್ಟೆಯ ಒಳಗೆ ಹಿಂಡಿದ ಹಾಗೆ ಆಗ್ತದೆ. ರಾಗ ದೊಡ್ಡದು. ಆದರೆ ಕಷ್ಟ ಮೇಲಿನವನ ಪರೀಕ್ಷೆ ಆದ ಮೇಲೆ ಕೆಳಗಿನವನನ್ನು ಕೇಳುವವರು ಯಾರು? ನಮ್ಮ ಪಾಡ್ದನಗಳಲ್ಲಿಯೂ ಹೀಗೆಯೇ. ಕೊರಗತನಿಯ ಏಳು ಆಳಿನ ಹೊರೆ ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಹೋಗ್ತಾನೆ. ಹೊರೆ ಒಳಗೆ ಹೋಗ್ತದೆ, ಹೊತ್ತವನನ್ನು ಹೊರಗೆ ನಿಲ್ಲಿಸ್ತಾರೆ. ಆಮೇಲೆ ಅವ ಮಾಯವಾಗಿ ದೈವ ಆಗ್ತಾನೆ, ನಾವು ಕೈ ಮುಗೀತೇವೆ. ನೇಜಿ ಗದ್ದೆಯಲ್ಲಿ ನನ್ನ ಅಮ್ಮ ಇದನ್ನು ಹೇಳುವಾಗ ತಡೆದು ನಿಲ್ಲಿಸಿದ ಜಾಗದಲ್ಲಿ ಸ್ವರ ಏರಿಸ್ತಿದ್ದಳು, ಮಾಯ ಆದ ಜಾಗದಲ್ಲಿ ಅಲ್ಲ. ಸಿನಿಮಾದವರು ಸ್ವರ ಏರಿಸಿದ್ದು ಮಾಯದ ಜಾಗದಲ್ಲಿ.

ನಮ್ಮ ದೇಶದ್ದೂ ಒಂದು ಕಾಯಿದೆ ಉಂಟು, 1983ರ ವಲಸೆ ಕಾಯಿದೆ. ಹತ್ತನೇ ಕ್ಲಾಸು ಪಾಸಾಗದವನ ಪಾಸ್‌ಪೋರ್ಟಿಗೆ ಇ.ಸಿ.ಆರ್. ಅಂತ ಗುರುತು ಹಾಕ್ತಾರೆ. ಏಳನೇ ಕ್ಲಾಸಿನ ನನ್ನಂಥವ ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಒಪ್ಪಿಗೆ ಬೇಕು. ಏಜೆಂಟ್ ಲೈಸೆನ್ಸ್ ಇದ್ದವನಾಗಿರಬೇಕು, ಅವ ತೆಗೆದುಕೊಳ್ಳಬಹುದಾದದ್ದು 30 ಸಾವಿರ ರೂಪಾಯಿ ಮತ್ತು ಅದರ ತೆರಿಗೆ. ನಜೀಬ್ ಹೋಗುವಾಗಲೂ ಕಾಯಿದೆ ಇತ್ತು. ಆದರೆ ಅವನ ವೀಸಾ ಬಂದದ್ದು ಪರಿಚಯದವರ ಕೈಯಿಂದ, ಅಲ್ಲಿ ಲೈಸೆನ್ಸ್ ಕೇಳುವವರು ಯಾರೂ ಇಲ್ಲ. ಈಗಲೂ ಭಾವನ ಗೆಳೆಯ, ನೆರೆಮನೆಯ ಮಾವ ಎಂಬ ದಾರಿಯಲ್ಲಿಯೇ ಹುಡುಗರು ಹೋಗುವುದು. ವಿಸಿಟ್ ವೀಸಾದಲ್ಲಿ ಹೋದವನನ್ನು ಕೆಲಸಕ್ಕೆ ಹೋದವ ಅಂತ ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಶಾಲೆಯ ಮಾಸ್ಟ್ರುಗಳು ಈ ಕಾದಂಬರಿಯನ್ನು ದೊಡ್ಡ ಮಕ್ಕಳ ಕೈಯಲ್ಲಿ ಓದಿಸುವುದಾದರೆ ವೀಸಾ ಕೈಗೆ ಬರುವ ಆ ನಾಲ್ಕು ಪುಟವನ್ನು ಎರಡು ಸಲ ಓದಿಸಬೇಕು.

ಮತ್ತೆ ಹಮೀದ್. ನಜೀಬನ ಜೊತೆ ಜೈಲು ಸೇರಿದವ, ಊರಿಗೆ ಹೋಗುವ ಅದೇ ಆಸೆ ಇದ್ದವ. ಅವನ ಅರ್ಬಾಬ್ ಸಾಲಿನಲ್ಲಿ ಅವನನ್ನು ಗುರುತು ಹಿಡೀತಾನೆ. ಹಮೀದನ ಕಾಗದ ಸರಿ ಇತ್ತು. ಅವನನ್ನು ಕರೆದುಕೊಂಡು ಹೋಗ್ತಾರೆ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಅವನ ಸುದ್ದಿ ಇಲ್ಲ.