‘ಗೊಲ್ಗೊಥಾ’ದ ಚೌಕಟ್ಟು ಮತ್ತು ಕ್ಷಮೆಯ ಸ್ಥಾನ

ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಟ್ಟುಕೊಂಡು ರಚಿಸಿದ ‘ಗೊಲ್ಗೊಥಾ’ ಖಂಡಕಾವ್ಯವು ವಾಚಕರಿಗೆ ಸುಪರಿಚಿತವಾದುದು. ಅದರ ಭಾಷಾಪ್ರೌಢಿಮೆಯನ್ನೂ ಸರಳರಗಳೆಯ ಗತಿಯನ್ನೂ ಕುರಿತು ಮಾತನಾಡುವುದು ರೂಢಿ. ಪ್ರಕೃತ ಲೇಖನದ ಪ್ರಶ್ನೆ ಬೇರೆ: ಒಂದೇ ದಿನದ ಈ ಚೌಕಟ್ಟಿನಲ್ಲಿ, ಮಾನವದೌರ್ಬಲ್ಯಕ್ಕೆ ದೊರೆಯುವ ಕ್ಷಮೆಗೆ ಎಷ್ಟು ಎಡೆಯುಂಟು?

ಕನ್ನಡದಲ್ಲಿ ಕ್ರಿಸ್ತಕಥೆಯನ್ನು ದೇಶೀಯ ಪದ್ಯರೀತಿಯಲ್ಲಿ ಹೇಳುವ ಪ್ರಯತ್ನವು ಹೊಸದಲ್ಲ. ಕಿಟ್ಟೆಲರ ‘ಕಥಾಮಾಲೆ’ಯು 1862ರಲ್ಲಿಯೇ ಪ್ರಕಟವಾಗಿದ್ದಿತು. ಅದಕ್ಕೆ ಯೇಸುವಿನ ಜೀವಿತವೇ ವಸ್ತು. ಪೈಗಳಿಗಾದರೋ ಒಂದು ದಿನವೇ ಸಾಕಾಯಿತು. ಇದರಿಂದ ಕಾವ್ಯಕ್ಕೆ ಏಕಾಗ್ರತೆಯು ಲಭಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಲಾಭಕ್ಕೆ ಒಂದು ಬೆಲೆಯೂ ಉಂಟು.

ಪೇತ್ರನ ಕಥೆಯನ್ನು ನೋಡಿರಿ. ಗುರುವಿಗಾಗಿ ಪ್ರಾಣವನ್ನೇ ಕೊಡುವೆನೆಂದವನು ಕೋಳಿ ಕೂಗುವುದರೊಳಗಾಗಿ ಮೂರು ಸಲ ಅವನನ್ನು ಅರಿಯೆನೆಂದನು. ಯೋಹಾನನ ಸುವಾರ್ತೆಯ ಪ್ರಕಾರ ಆಗ ಅವನು ಇದ್ದಿಲ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಿದ್ದನು. ಆ ಗ್ರೀಕ್ ಶಬ್ದವು ಹೊಸ ಒಡಂಬಡಿಕೆಯಲ್ಲಿ ಮತ್ತೊಂದೇ ಕಡೆ ಬರುವುದು: ಅದೇ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ. ಅಲ್ಲಿಯೂ ಇದ್ದಿಲ ಬೆಂಕಿ. ಅಲ್ಲಿಯೂ ಮೂರು ಪ್ರಶ್ನೆ. ನನ್ನನ್ನು ಪ್ರೀತಿಸುವೆಯಾ ಎಂದು ಗುರುವು ಕೇಳುತ್ತಾನೆ. ಹಳೆಯ ತಪ್ಪಿನ ಹೆಸರೆತ್ತುವುದಿಲ್ಲ. ಕುರಿಗಳನ್ನು ಕಾಯುವ ಹೊಣೆಯನ್ನು ಮರಳಿ ಒಪ್ಪಿಸುತ್ತಾನೆ. ಕ್ಷಮೆಯ ಪರಿಪೂರ್ಣ ಚಿತ್ರವಿದು. ಆದರೆ ಇದು ಪುನರುತ್ಥಾನದ ಅನಂತರದ ಮಾತು. ‘ಕಡೆಯ ದಿನ’ದ ಹೊರಗಿನದು.

ದಿನದ ಒಳಗೆ ಉಳಿಯುವುದೇನು? ಶಿಲುಬೆಯ ಮೇಲಿನ ಪ್ರಾರ್ಥನೆ. ಇದು ಲೂಕನಲ್ಲಿ ಮಾತ್ರ ಬರುತ್ತದೆ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ. ಅಲ್ಲಿ ಕ್ಷಮೆಗೆ ಕೊಟ್ಟ ಕಾರಣ, ತಪ್ಪುಮಾಡಿದವರ ಅಜ್ಞಾನ. ಪೇತ್ರನಾದರೋ ಅರಿಯದವನಲ್ಲ, ಅರಿತೂ ಅಂಜಿದವನು. ಪಶ್ಚಾತ್ತಾಪಪಟ್ಟ ಕಳ್ಳನಿಗೆ ಅಭಯವು ದೊರೆಯಿತು; ಆದರೆ ಅವನು ಗುರುವಿನ ಸ್ನೇಹವನ್ನು ಮುರಿದವನಲ್ಲ. ಯೂದನೂ ಮತ್ತಾಯನ ಪ್ರಕಾರ ಪರಿತಪಿಸಿ ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿದನು, ಆದರೆ ಕಾಯಲಿಲ್ಲ. ಹೀಗೆ ಯೂದನ ಅಂತ್ಯವು ಆ ಅವಧಿಯ ಒಳಗೆ, ಪೇತ್ರನ ಉದ್ಧಾರವು ಹೊರಗೆ. ಸಂಜೆಯ ಹೊತ್ತಿಗೆ ಇಬ್ಬರೂ ಗುರುದ್ರೋಹಿಗಳೇ. ಒಬ್ಬನು ಇನ್ನೂ ಅಳುತ್ತಿದ್ದಾನೆಂಬುದಷ್ಟೇ ಭೇದ. ಇದನ್ನು ಕವಿಯ ದೋಷವೆನ್ನಲಾಗದು. ಅವರು ಆರಿಸಿಕೊಂಡ ಅವಧಿಯ ಧರ್ಮವದು. ಆದಕಾರಣ ಈ ಕಾವ್ಯವನ್ನು ಪಾಠ ಹೇಳುವವರು ಆ ಕಣ್ಣೀರನ್ನು ಸೋಲಿನ ಗುರುತೆಂದು ಮುಗಿಸದೆ, ತೆರೆದಿಟ್ಟ ಬಾಗಿಲೆಂದು ವಿವರಿಸಬೇಕು.

ಪೈಗಳು ಬುದ್ಧನ ಕಡೆಯ ದಿನವನ್ನೂ ‘ವೈಶಾಖಿ’ಯಲ್ಲಿ ವಸ್ತುವಾಗಿ ಮಾಡಿದರು. ಮಹಾಪರಿನಿಬ್ಬಾನ ಸುತ್ತದಲ್ಲಿ ಚುಂದನಿತ್ತ ಭಿಕ್ಷೆಯನ್ನುಂಡು ಬುದ್ಧನು ಅಸ್ವಸ್ಥನಾಗುತ್ತಾನೆ. ಚುಂದನಲ್ಲಿ ಪರಿತಾಪವುಂಟಾಗದಂತೆ ಅವನನ್ನು ಸಂತೈಸಬೇಕೆಂದು ಆನಂದನಿಗೆ ಹೇಳುತ್ತಾನೆ. ಚುಂದನು ನಿರಪರಾಧಿ; ಆದುದರಿಂದ ಅವನಿಗೆ ಸಲ್ಲುವುದು ಕರುಣೆ. ಪೇತ್ರನು ಅಪರಾಧಿ, ಅವನಿಗೆ ಬೇಕಾದುದು ಕ್ಷಮೆ. ಕರುಣೆಯು ಒಂದೇ ದಿನದಲ್ಲಿ ಪೂರ್ಣವಾಗಬಲ್ಲುದು; ಕ್ಷಮೆಯು ಇನ್ನೊಂದು ಬೆಳಗನ್ನು ಬೇಡುತ್ತದೆ. ಎರಡು ಕಾವ್ಯಗಳನ್ನು ಒಟ್ಟಿಗೆ ಓದುವವರಿಗೆ ಈ ಭೇದವು ಸ್ಪಷ್ಟವಾಗದಿರದು.

ಆದರೂ ಎರಡರ ಮೂಲವೂ ಒಂದೇ. ತಪ್ಪಿಹೋದ ಮಗನ ಸಾಮತಿಯಲ್ಲಿ, ಮಗನನ್ನು ದೂರದಲ್ಲಿಯೇ ಕಂಡ ತಂದೆಯ ಭಾವವನ್ನು ಹೇಳಲು ಲೂಕನು ಬಳಸಿದ ಗ್ರೀಕ್ ಕ್ರಿಯಾಪದವು ಒಳಗಿನ ಕರುಳನ್ನು ಸೂಚಿಸುವ ಶಬ್ದದಿಂದ ಹುಟ್ಟಿದುದು. ಇದಕ್ಕೆ ನಮ್ಮಲ್ಲಿ ವ್ಯಾಖ್ಯಾನವೇ ಬೇಡ. ಭೀಮಾತೀರದ ಅಗರಖೇಡದಿಂದ ಬಾಗೇವಾಡಿಯವರೆಗೆ ಯಾವ ತಾಯಿಯೂ ‘ಕಳ್ಳು ಚುರ್ ಅಂತು’ ಎನ್ನುವಳು. ರಕ್ತಸಂಬಂಧವನ್ನು ‘ಕಳ್ಳುಬಳ್ಳಿ’ ಎನ್ನುವಳು. ತಂದೆಯು ಮಗನ ತಪ್ಪನ್ನು ಎಣಿಸುವ ಮೊದಲೇ ಓಡಿದುದು ಏಕೆಂಬುದನ್ನು ಈ ಒಂದು ಮಾತೇ ಹೇಳುತ್ತದೆ. ‘ಕ್ಷಮೆ’, ‘ಕೃಪೆ’ ಎಂಬ ಸಂಸ್ಕೃತ ಶಬ್ದಗಳ ಗಾಂಭೀರ್ಯದ ಜೊತೆಗೆ ಈ ಮನೆಮಾತಿನ ಬಿಸಿಯೂ ಕೂಡಿದಲ್ಲಿ, ಕನ್ನಡದ ಕ್ರಿಸ್ತಕಾವ್ಯವು ಸರೋವರದ ದಡದ ಆ ಬೆಂಕಿಯವರೆಗೆ ನಡೆಯಬಲ್ಲುದು. ‘ಗೊಲ್ಗೊಥಾ’ವು ಆ ದಾರಿಯ ಅತಿ ಕಠಿನವಾದ ಭಾಗವನ್ನು ಕ್ರಮಿಸಿದೆ, ಉಳಿದುದು ಮುಂದಿನ ಕವಿಯದು.