ಮೈಗೆ ಹತ್ತದ್ದರ ಲೆಕ್ಕ

ದಿನಕ್ಕೆ 100 ಗ್ರಾಂ ಜಿಡ್ಡು ತಿನ್ನಬೇಕು. ಹಾಗೆ ಕೆಲವು ದಿನ ತಿನ್ನುತ್ತಲೇ, 72 ಗಂಟೆಗಳಲ್ಲಿ ಆದ ಮಲವನ್ನೆಲ್ಲ ಒಂದಿಷ್ಟೂ ಬಿಡದೆ ಡಬ್ಬಿಗೆ ತುಂಬಿ ತಣ್ಣಗಿಡಬೇಕು. ರೋಗಿಗೆ ಇದನ್ನು ಹೇಳುವುದು ಸುಲಭ. ಒಂದೇ ಸಂಡಾಸನ್ನು ಐದು ಜನ ಬಳಸುವ ಮನೆಯಲ್ಲಿ ನಡೆಸುವುದು ಬೇರೆಯೇ ಮಾತು. ಹೇಸಿಗೆಯ ಕೆಲಸವೆಂದು ರೋಗಿಯೂ ಲ್ಯಾಬಿನವರೂ ಒಟ್ಟಿಗೇ ಮೂಗು ಮುಚ್ಚಿಕೊಳ್ಳುವ ಈ ಪರೀಕ್ಷೆ ಈಗ ಬಹುತೇಕ ಮೂಲೆ ಸೇರಿದೆ. ಅದರ ಜೊತೆಗೆ ಒಂದು ಒಳ್ಳೆಯ ಪ್ರಶ್ನೆಯೂ ಮೂಲೆ ಸೇರಿತು ಎಂಬುದು ನನ್ನ ತಕರಾರು.

‘ತಿಂದದ್ದು ಮೈಗೆ ಹತ್ತುತ್ತಿಲ್ಲ’ ಎನ್ನುವ ಮನೆಮಾತಿಗೆ ಗ್ರಾಂ ಲೆಕ್ಕ ಕೊಟ್ಟವರು ಹಾಲೆಂಡಿನ ವಾನ್ ಡಿ ಕಾಮರ್ ಮತ್ತು ಅವರ ಸಂಗಡಿಗರು. ಅವರು 1949ರಲ್ಲಿ ಪ್ರಕಟಿಸಿದ ವಿಧಾನ ಸರಳ. ಮಲವನ್ನು ಮದ್ಯಸಾರ ಬೆರೆತ ಕ್ಷಾರದಲ್ಲಿ ಕುದಿಸಿದರೆ ಕೊಬ್ಬು ಸಾಬೂನಾಗುತ್ತದೆ. ಆಮ್ಲ ಹಾಕಿದರೆ ಕೊಬ್ಬಿನಾಮ್ಲಗಳು ಬಿಡಿಯಾಗುತ್ತವೆ. ಅವನ್ನು ಪೆಟ್ರೋಲಿಯಂ ಈಥರಿಗೆ ಇಳಿಸಿಕೊಂಡು ಟೈಟ್ರೇಷನ್‌ನಿಂದ ಅಳೆಯುತ್ತಾರೆ. ಗೋಧಿಯೇ ಸೀಲಿಯಾಕ್ ಎಂಬ ಕರುಳಿನ ಬೇನೆಯ ಮಕ್ಕಳ ಶತ್ರು ಎಂದು ಅದೇ ನಾಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಹೇಳುತ್ತಿದ್ದ ಮಾತಿಗೆ ಬಲ ಬಂದದ್ದು ಈ ಅಳತೆಯಿಂದ: ಗೋಧಿ ಕೊಟ್ಟಾಗ ಮಲದ ಕೊಬ್ಬು ಏರುತ್ತಿತ್ತು, ನಿಲ್ಲಿಸಿದಾಗ ಇಳಿಯುತ್ತಿತ್ತು. ಡಬ್ಬಿ ಹಿಡಿದು ಕಾದವರ ಹೇಸಿಗೆ ಅಲ್ಲಿ ಸಾರ್ಥಕವಾಯಿತು.

ಆದರೂ ದೋಷಗಳು ಸಣ್ಣವಲ್ಲ. ಮೊದಲನೆಯದು, ಜಿಡ್ಡು ಎಲ್ಲಿ ಕೈತಪ್ಪಿತು ಎಂಬುದನ್ನು ಇದು ಹೇಳಲಾರದು. ಮೇದೋಜೀರಕ ಗ್ರಂಥಿ ಕಿಣ್ವ ಸುರಿಸದಿದ್ದರೂ, ಪಿತ್ತರಸ ಬಾರದಿದ್ದರೂ, ಸಣ್ಣ ಕರುಳಿನ ಒಳಪದರ ಸವೆದಿದ್ದರೂ ಬರುವುದು ಅದೇ ಅಂಕಿ. ಎರಡನೆಯದು, ಭೇದಿಯೇ ಕೊಬ್ಬನ್ನು ಹೊರದೂಡುತ್ತದೆ. ದಿನಕ್ಕೆ 7 ಗ್ರಾಂ ಒಳಗಿದ್ದರೆ ಸರಿ ಎಂಬುದು ರೂಢಿಯ ಗೆರೆ. ಜೀರ್ಣಾಂಗಗಳೆಲ್ಲ ನೆಟ್ಟಗಿದ್ದವರೂ ಬರಿಯ ಭೇದಿಯಿಂದ ಆ ಗೆರೆ ದಾಟಬಲ್ಲರು.

ಮೂರನೆಯ ದೋಷ ಲ್ಯಾಬಿನದಲ್ಲ, ಅಡುಗೆಮನೆಯದು. ದೊಡ್ಡ ಚಮಚ ಎಣ್ಣೆಯಲ್ಲಿರುವುದು ಸುಮಾರು 14 ಗ್ರಾಂ. 100 ಗ್ರಾಂ ಎಂದರೆ ದಿನಕ್ಕೆ ಏಳು ಚಮಚ! ಅನ್ನ ಸಾರು, ಮುದ್ದೆ ಬಸ್ಸಾರು ಉಣ್ಣುವವರು, ಅದರಲ್ಲೂ ಹೊಟ್ಟೆ ಕೆಟ್ಟು ಬಾಯಿ ಕಹಿಯಾದವರು, ಅಷ್ಟನ್ನು ಹೇಗೆ ತಿಂದಾರು? 30 ಗ್ರಾಂ ತಿಂದವರು 5 ಗ್ರಾಂ ಕಳೆದುಕೊಂಡರು ಎನ್ನಿ. ಅಂಕಿ 7ರ ಒಳಗಿದೆ, ವರದಿ ‘ನಾರ್ಮಲ್’. ಆದರೆ ತಿಂದದ್ದರಲ್ಲಿ ಆರನೇ ಒಂದು ಭಾಗ ಪೋಲಾಗಿದೆ. 100 ತಿಂದು 7 ಕಳೆದುಕೊಂಡವರಿಗೆ 93 ದಕ್ಕಿತು, ಇವರಿಗೆ ನೂರಕ್ಕೆ 83 ಮಾತ್ರ. ಜಮಾ ನೋಡದೆ ಖರ್ಚನ್ನಷ್ಟೇ ಓದಿದರೆ ಆಗುವ ಎಡವಟ್ಟು ಇದು.

ಇದರ ಜಾಗಕ್ಕೆ ಬಂದವುಗಳ ಕಥೆಯೇನು? ಸುಡಾನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಿತ್ತಳೆ ಗೋಲಿಗಳನ್ನು ನೋಡುವುದು ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅದು ನೋಡುವವರ ಕಣ್ಣಿಗೆ ಬಿಟ್ಟದ್ದು, ಅಲ್ಪಸ್ವಲ್ಪ ನಷ್ಟ ಅದಕ್ಕೆ ಕಾಣದು. ಮೇದೋಜೀರಕದ ಕಿಣ್ವವೊಂದನ್ನು ಮಲದಲ್ಲಿ ಅಳೆಯುವ ಎಲಾಸ್ಟೇಸ್ ಪರೀಕ್ಷೆ ಸಭ್ಯವಾದದ್ದು. ಒಂದು ಚಿಟಿಕೆ ಮಲ ಸಾಕು, ಪಥ್ಯವಿಲ್ಲ, ರೋಗಿ ನುಂಗುತ್ತಿರುವ ಕಿಣ್ವದ ಮಾತ್ರೆಗಳನ್ನೂ ನಿಲ್ಲಿಸಬೇಕಿಲ್ಲ. ಗ್ರಾಂ ಮಲಕ್ಕೆ 200 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ಮೇದೋಜೀರಕದ ಮೇಲೆ ಅನುಮಾನ. ಆದರೆ ಮಲ ನೀರಾಗಿದ್ದರೆ ಎಲಾಸ್ಟೇಸೂ ತೆಳುವಾಗಿ ಸುಳ್ಳು ಅನುಮಾನ ಹುಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಅಳೆಯುವುದು ಗ್ರಂಥಿಯ ದುಡಿಮೆಯನ್ನು; ಜಿಡ್ಡು ಮೈಗೆ ಹತ್ತಿತೇ ಎಂಬುದನ್ನಲ್ಲ. ಎಲಾಸ್ಟೇಸ್ ಸರಿಯಾಗಿದ್ದೂ ಕರುಳಿನ ದೋಷದಿಂದ ಜಿಡ್ಡು ಸೋರುತ್ತಿರಬಹುದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬೇಕರ್, ಮಥನ್ ಮೊದಲಾದವರು ದಶಕಗಳ ಕಾಲ ಬೆನ್ನುಹತ್ತಿದ ಸ್ಪ್ರೂ ಅಂಥ ಕರುಳಿನ ಬೇನೆ. ದಕ್ಷಿಣ ಭಾರತದಲ್ಲಿ ಇದನ್ನು ಮರೆಯುವಂತಿಲ್ಲ.

ಹಾಗೆಂದು ಮೂರು ದಿನದ ಡಬ್ಬಿಯನ್ನು ಎಲ್ಲರ ಕೈಗೂ ಮತ್ತೆ ಕೊಡಿ ಎನ್ನುವುದಿಲ್ಲ. ಹಾಗೆ ಕೊಟ್ಟರೆ ಅರ್ಧ ಡಬ್ಬಿಗಳು ಅರೆಬರೆ ತುಂಬಿ ಬಂದಾವು, ಅರೆಬರೆ ತುಂಬಿದ ಡಬ್ಬಿಯ ನಿಖರ ಟೈಟ್ರೇಷನ್ ಬರೀ ಶೃಂಗಾರ. ಗುಟ್ಟು ಒಡೆಯದ ಕೆಲವು ಪ್ರಕರಣಗಳಿಗೆ, ಹೊಸ ಔಷಧಿಯ ಗುಣ ಅಳೆಯುವ ಸಂಶೋಧನೆಗೆ ಅದು ಇರಲಿ. ಉಳಿದ ಕಡೆ ಡಬ್ಬಿ ಹೋಗಲಿ, ಆದರೆ ಅದರ ಲೆಕ್ಕದ ಕ್ರಮ ಉಳಿಯಲಿ. ಎಷ್ಟು ಕಳೆಯಿತು ಎಂದು ಕೇಳುವ ಮೊದಲು ಎಷ್ಟು ಉಂಡಿರಿ ಎಂದು ಕೇಳಿದ ಪರೀಕ್ಷೆ ಅದು. ಇಂದಿನ ವರದಿಗಳಲ್ಲಿ ಮಲದ ಬಣ್ಣಕ್ಕೊಂದು ಸಾಲಿದೆ, ವಾಸನೆಗೊಂದು ಸಾಲಿದೆ. ಊಟಕ್ಕೆ ಒಂದೂ ಇಲ್ಲ.