ಸೂರ್ಯನ ಮೇಲೆ ಮೇಣದಬತ್ತಿಯವರ ದೂರು



ನಮ್ಮ ಮೆಲ್ಬರ್ನ್ ಬಳಗದ ಓದಿನ ಸರದಿಯಲ್ಲಿ ಕಥೆ, ಕವನ, ಕಾದಂಬರಿಗಳದ್ದೇ ಕಾರುಬಾರು. ಅರ್ಥಶಾಸ್ತ್ರ ಅಂದರೆ ಚಹಾದ ಹೊತ್ತಿಗೆ ಮನೆಸಾಲದ ಬಡ್ಡಿಯ ಬಗ್ಗೆ ಒಂದಿಷ್ಟು ಗೊಣಗುವುದು, ಅಷ್ಟೇ. ಆದರೆ 2025ರ ಏಪ್ರಿಲ್‌ನಲ್ಲಿ ಅಮೆರಿಕ ಹೆಚ್ಚುಕಡಿಮೆ ಎಲ್ಲ ದೇಶಗಳ ಸರಕಿನ ಮೇಲೂ ಸುಂಕ ಘೋಷಿಸಿದ ಮೇಲೆ ಆ ಮಾತು ನಮ್ಮ ಸಭೆಗೂ ನುಗ್ಗಿತು. ಜಗಳವಾಡುವುದಾದರೆ ಏನಾದರೂ ಓದಿಕೊಂಡೇ ಜಗಳವಾಡೋಣ ಎಂದು ಒಂದು ಹಳೆಯ ವಿಡಂಬನೆಯನ್ನು ಕೈಗೆತ್ತಿಕೊಂಡೆವು. ಫ್ರಾನ್ಸಿನ ಫ್ರೆಡೆರಿಕ್ ಬಾಸ್ತಿಯಾ 1845ರಲ್ಲಿ ಪ್ರಕಟಿಸಿದ, ಮೇಣದಬತ್ತಿ ತಯಾರಕರ ಅರ್ಜಿ ಅದು. ಮೂರ್ನಾಲ್ಕು ಪುಟಗಳ ಬರಹ. ಅದರ ಮೇಲೆ ನಡೆದ ಮಾತು ಮಾತ್ರ ರಾತ್ರಿ ಊಟದವರೆಗೂ ಎಳೆಯಿತು.

ಅರ್ಜಿಯ ಸಾರ ಇಷ್ಟು. ಮೇಣದಬತ್ತಿ, ಲಾಂದ್ರ, ದೀಪದ ಎಣ್ಣೆ ಮುಂತಾದವನ್ನು ತಯಾರಿಸುವವರೆಲ್ಲ ಸೇರಿ ಸಂಸತ್ತಿಗೆ ಮೊರೆಯಿಡುತ್ತಾರೆ. ವಿದೇಶಿ ಪ್ರತಿಸ್ಪರ್ಧಿಯೊಬ್ಬ ತೀರಾ ಅಗ್ಗದ ಬೆಳಕನ್ನು ನಮ್ಮ ಮಾರುಕಟ್ಟೆಗೆ ಸುರಿಯುತ್ತಿದ್ದಾನೆ, ಅವನು ಬಂದ ಕೂಡಲೇ ನಮ್ಮ ವ್ಯಾಪಾರ ನಿಂತುಹೋಗುತ್ತದೆ ಎಂಬುದು ಅವರ ಗೋಳು. ಆ ಪ್ರತಿಸ್ಪರ್ಧಿ ಬೇರಾರೂ ಅಲ್ಲ, ಸೂರ್ಯ! ಆದ್ದರಿಂದ ಹಗಲಿನಲ್ಲಿ ಕಿಟಕಿ, ಗವಾಕ್ಷಿ, ಪರದೆ ಎಲ್ಲವನ್ನೂ ಮುಚ್ಚಬೇಕೆಂದು ಕಾನೂನು ಮಾಡಬೇಕಂತೆ. ಹಾಗೆ ಮಾಡಿದರೆ ಕೊಬ್ಬಿಗಾಗಿ ದನ ಕುರಿ ಸಾಕಣೆ ಹೆಚ್ಚುತ್ತದೆ, ಎಣ್ಣೆಗಾಗಿ ಆಲಿವ್ ಬೆಳೆಯುತ್ತಾರೆ, ತಿಮಿಂಗಿಲದ ಬೇಟೆಗೆ ಹಡಗುಗಳು ಹೊರಡುತ್ತವೆ, ದೇಶಕ್ಕೆ ದೇಶವೇ ಉದ್ಧಾರವಾಗುತ್ತದೆ. ಇಂಗ್ಲೆಂಡಿಗೆ ಮಂಜು ಕವಿದು ಸೂರ್ಯ ಅಲ್ಲಿ ಮರ್ಯಾದೆಯಿಂದ ನಡೆದುಕೊಳ್ಳುತ್ತಾನಾದ್ದರಿಂದ ಇದರಲ್ಲಿ ಇಂಗ್ಲಿಷರ ಕೈವಾಡವೂ ಇರಬಹುದೆಂಬ ಗುಮಾನಿ ಬೇರೆ.

ನಮಗೆ ಮೊದಲು ಹಿಡಿಸಿದ್ದು ಇದರ ನಿಲುವಿನ ಗಾಂಭೀರ್ಯ. ಊರಲ್ಲಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ಗೊತ್ತಿರುವವರಿಗೆ ಈ ಧಾಟಿ ಚೆನ್ನಾಗಿ ಪರಿಚಯ. 'ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ' ಎಂಬ ವಿನಯ ಎಲ್ಲೂ ತಪ್ಪುವುದಿಲ್ಲ. ಬಾಸ್ತಿಯಾ ಒಮ್ಮೆಯೂ ಓದುಗನತ್ತ ತಿರುಗಿ ಕಣ್ಣು ಮಿಟುಕಿಸುವುದಿಲ್ಲ. ಅಂದಿನ ಕಾರ್ಖಾನೆದಾರರು ನಿಜವಾಗಿ ಬಳಸುತ್ತಿದ್ದ ವಾದಗಳನ್ನೇ ಒಂದೊಂದಾಗಿ ಎತ್ತಿಕೊಂಡು ಸೂರ್ಯನಿಗೆ ಅನ್ವಯಿಸುತ್ತಾನೆ. ವಾದ ಹಳೆಯದೇ, ಗುರಿ ಮಾತ್ರ ಬದಲು. ನಗು ಹುಟ್ಟುವುದು ಅಲ್ಲಿಂದ.

ನಗುವಿನ ಹಿಂದಿರುವ ಲೆಕ್ಕವೂ ಸುಳ್ಳಲ್ಲ. ಒಂದು ಉದಾಹರಣೆ ನೋಡಿ. 2018ರ ಆರಂಭದಲ್ಲಿ ಅಮೆರಿಕ ಆಮದು ಬಟ್ಟೆ ಒಗೆಯುವ ಯಂತ್ರಗಳ ಮೇಲೆ ಸುಂಕ ಹಾಕಿತು. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ ಯಂತ್ರಗಳ ಬೆಲೆ ಸುಮಾರು ಶೇಕಡಾ 12 ಏರಿದ್ದು ಕಂಡಿತು. ತಮಾಷೆಯೆಂದರೆ ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಯಂತ್ರಗಳ ಬೆಲೆಯೂ ಅಷ್ಟೇ ಏರಿತ್ತು. ಎರಡನ್ನೂ ಜನ ಜೋಡಿಯಾಗಿ ಕೊಳ್ಳುತ್ತಾರೆ, ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿದರು. ಹೊಸದಾಗಿ ಹುಟ್ಟಿದ ಕೆಲಸಗಳು ಸುಮಾರು 1,800. ಗ್ರಾಹಕರು ತೆತ್ತ ಹಣವನ್ನು ಅವುಗಳಿಗೆ ಭಾಗಿಸಿದರೆ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಮಿಗಿಲು! ಆ 1,800 ಜನ ಕಣ್ಣಿಗೆ ಕಾಣುತ್ತಾರೆ, ಟಿವಿಯಲ್ಲಿ ಬರುತ್ತಾರೆ. ಹೆಚ್ಚು ಬೆಲೆ ತೆತ್ತ ಕೋಟ್ಯಂತರ ಜನ ಯಾರ ಕಣ್ಣಿಗೂ ಬೀಳುವುದಿಲ್ಲ. ಬಾಸ್ತಿಯಾ ತನ್ನ ಕೊನೆಯ ವರ್ಷ, 1850ರಲ್ಲಿ, ಕಾಣುವುದು ಮತ್ತು ಕಾಣದ್ದು ಎಂದು ಬರೆದದ್ದು ಇದನ್ನೇ.

ಇಲ್ಲಿಯವರೆಗೆ ಸಭೆಯಲ್ಲಿ ಒಮ್ಮತವಿತ್ತು. ಆಮೇಲೆ ನಮ್ಮ ಬಳಗದ ಹಿರಿಯರೊಬ್ಬರು ಬಾಯಿಬಿಟ್ಟರು. ಅವರು ಮೆಲ್ಬರ್ನಿನ ಉತ್ತರದಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದವರು. "ಮೇಣದಬತ್ತಿಯವರನ್ನು ನೋಡಿ ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆದರೆ ಆ ಅರ್ಜಿಯಲ್ಲಿ ಬತ್ತಿ ಹೊಸೆಯುವ ಕೂಲಿಯವನು ಎಲ್ಲಿದ್ದಾನೆ?" ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವರ ಪ್ರಶ್ನೆಗೆ ಈ ದೇಶದ ಕಥೆಯೇ ಹಿನ್ನೆಲೆ. 1948ರಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಅನಾವರಣ ಮಾಡಿದಾಗ ಆಸ್ಟ್ರೇಲಿಯಾ ಸಂಭ್ರಮಿಸಿತ್ತು. ಆ ಉದ್ದಿಮೆಯ ಸುತ್ತ ಗೋಡೆ ಎತ್ತರವಾಗುತ್ತ ಹೋಗಿ 1980ರ ದಶಕದ ಹೊತ್ತಿಗೆ ಆಮದು ಕಾರಿನ ಸುಂಕ ಶೇಕಡಾ 57.5 ಮುಟ್ಟಿತು, ಮೇಲಿಂದ ಕೋಟಾ ಬೇರೆ. ಗೋಡೆಯೊಳಗೆ ಆದದ್ದೇನು? ಪುಟ್ಟ ಮಾರುಕಟ್ಟೆಯನ್ನು ಐದು ಕಂಪನಿಗಳು ಹದಿಮೂರು ಮಾದರಿಗಳಲ್ಲಿ ಹಂಚಿಕೊಂಡವು. ಯಾವುದಕ್ಕೂ ಸಾಕಷ್ಟು ಸಂಖ್ಯೆಯಲ್ಲಿ ಮಾರಾಟವಿಲ್ಲ, ಆದ್ದರಿಂದ ಒಂದೊಂದು ಕಾರಿಗೂ ತಗಲುವ ಖರ್ಚು ಜಾಸ್ತಿ. 1984ರಲ್ಲಿ ಮಂತ್ರಿ ಜಾನ್ ಬಟನ್ ಇದನ್ನು ಮೂರು ಕಂಪನಿ, ಆರು ಮಾದರಿಗೆ ಇಳಿಸುವ ಯೋಜನೆ ಮುಂದಿಟ್ಟರು. ಅಲ್ಲಿಂದ ಸುಂಕ ಇಳಿಯುತ್ತ 2010ಕ್ಕೆ ಶೇಕಡಾ 5ಕ್ಕೆ ಬಂತು. 2016ರಲ್ಲಿ ಫೋರ್ಡ್, 2017ರ ಅಕ್ಟೋಬರಿನಲ್ಲಿ ಟೊಯೋಟಾ, ಅದೇ ತಿಂಗಳು ಹೋಲ್ಡನ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿದವು. ಸುಂಕ ಇಳಿದದ್ದೊಂದೇ ಕಾರಣವಲ್ಲ. ಡಾಲರಿನ ಬೆಲೆ ಏರಿದ್ದು, ದೇಶದ ಮಾರುಕಟ್ಟೆ ಚಿಕ್ಕದಿದ್ದದ್ದು, ಸರ್ಕಾರ ನೆರವಿನಿಂದ ಕೈ ಹಿಂತೆಗೆದದ್ದು ಎಲ್ಲವೂ ಸೇರಿತ್ತು.

ನಾವು ಅಗ್ಗದ ಆಮದು ಕಾರು ಓಡಿಸುತ್ತೇವೆ. ಆ ಹಿರಿಯರೂ ಓಡಿಸುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಸಿಕ್ಕಿದ್ದು ಗೋದಾಮಿನಲ್ಲಿ ರಾತ್ರಿ ಪಾಳಿಯ ಕ್ಯಾಶುವಲ್ ಕೆಲಸ. ಬಾಸ್ತಿಯಾ ಹೇಳಿದ ಕಾಣದ ಜನರಲ್ಲಿ ಇವರೂ ಒಬ್ಬರಲ್ಲವೇ?

ವಿಮರ್ಶೆಯ ದೃಷ್ಟಿಯಿಂದ ಅರ್ಜಿಯ ದುರ್ಬಲ ಜಾಗ ಇದೇ ಎಂಬುದು ನಮ್ಮ ಅಂಬೋಣ. ಅದರ ರೂಪಕವೇ ಜಾಣತನದಿಂದ ಒಂದು ವಿಷಯವನ್ನು ಮರೆಮಾಚುತ್ತದೆ. ಸೂರ್ಯ ನಾಳೆ ಬೆಲೆ ಏರಿಸುವುದಿಲ್ಲ, ಜಗಳವಾಡಿ ಸರಬರಾಜು ನಿಲ್ಲಿಸುವುದಿಲ್ಲ. ಬೆಳಕು ತಯಾರಿಸುವುದನ್ನು ಯಾರೂ ಸೂರ್ಯನಿಂದ ಕಲಿಯಬೇಕಾಗಿಯೂ ಇಲ್ಲ. ಕಾರು ತಯಾರಿಕೆ ಹಾಗಲ್ಲ, ಅದನ್ನು ಕಲಿಯಲು ಕಾಲ ಬೇಕು. 1841ರಲ್ಲೇ ಜರ್ಮನಿಯ ಫ್ರೆಡರಿಕ್ ಲಿಸ್ಟ್ ಈ ಮಾತೆತ್ತಿದ್ದ. ಮೇಲೆ ಹತ್ತಿದವರು ಏಣಿ ಒದ್ದುಬಿಡುತ್ತಾರೆ ಎಂಬ ಅವನ ದೂರನ್ನೇ ದಕ್ಷಿಣ ಕೊರಿಯಾದ ಹಾ ಜೂನ್ ಚಾಂಗ್ 2002ರಲ್ಲಿ ತಮ್ಮ ಪುಸ್ತಕದ ಹೆಸರಾಗಿಸಿದರು. ಕೊರಿಯಾ ತನ್ನ ಉದ್ದಿಮೆಗಳಿಗೆ ಗೋಡೆ ಕಟ್ಟಿಕೊಟ್ಟಿತು ನಿಜ, ಆದರೆ ಹೊರಗೆ ಹೋಗಿ ಮಾರಿ ತೋರಿಸಿ ಎಂದು ಬೆನ್ನು ಹತ್ತಿತು.

ನಮ್ಮ ಬೆಂಗಳೂರಿನ ಎಚ್‌ಎಂಟಿಯನ್ನೂ ನೆನೆಯೋಣ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದ ಆ ವಾಚು ನಮ್ಮಲ್ಲಿ ಹಲವರ ಅಪ್ಪಂದಿರ ಮದುವೆಯ ಉಡುಗೊರೆ. ಅದನ್ನು ಅಲುಗಾಡಿಸಿದ್ದು ವಿದೇಶಿ ವಾಚಲ್ಲ. ಅದೇ ಗೋಡೆಯೊಳಗೆ, ಹೊಸೂರಿನಿಂದ ಕ್ವಾರ್ಟ್ಜ್ ವಾಚು ಹಿಡಿದು ಬಂದ ಟೈಟನ್. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಅದೇ ನೆರಳಿನಲ್ಲಿ ಒಬ್ಬ ಮಲಗಿದ, ಇನ್ನೊಬ್ಬ ಬೆಳೆದ. ಹಾಗಿರುವಾಗ ಗೋಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಹೇಗೆ?

ಹಾಗಂತ ಬಾಸ್ತಿಯಾನನ್ನು ಓದಬೇಡಿ ಎನ್ನುತ್ತಿಲ್ಲ. ಯಾವುದೇ ಉದ್ದಿಮೆ ದೇಶಪ್ರೇಮದ ಹೆಸರಲ್ಲಿ ಸುಂಕ ಕೇಳಿದಾಗ, ಅದನ್ನು ತೆರುವವರು ಯಾರು, ಎಷ್ಟು ವರ್ಷ ಎಂದು ಕೇಳುವ ಬುದ್ಧಿ ಇವನಿಂದ ಬರುತ್ತದೆ. ಆದರೆ ಗೋಡೆ ಕೆಡವಿದ ದಿನ ಒಳಗಿದ್ದ ಕೂಲಿಯವನನ್ನು ಎಲ್ಲಿಗೆ ಕಳಿಸುತ್ತೀರಿ ಎಂಬ ಪ್ರಶ್ನೆ ಇವನಲ್ಲಿ ಇಲ್ಲ. ಅದನ್ನು ಓದುಗರೇ ಸೇರಿಸಿಕೊಳ್ಳಬೇಕು. ಇಲ್ಲವಾದರೆ ಆ ಹಿರಿಯರ ಮಾತು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಆದೀತು.

ಅಂದ ಹಾಗೆ, ಮುಂದಿನ ತಿಂಗಳ ಓದನ್ನು ಆರಿಸುವ ಸರದಿ ಅವರದ್ದೇ. ಈ ಬಗ್ಗೆ ನಿಮಗೇನನ್ನಿಸಿತು, ಎರಡು ಸಾಲು ಬರೆದು ತಿಳಿಸಿ. ಒಪ್ಪದಿದ್ದರಂತೂ ಖಂಡಿತ ಬರೆಯಿರಿ.